ಒಗೆಯೋರು ಯಾರು?

ಔಷಧಿ ಅಂಗಡಿಯ ಬಾಗಿಲು ತೆರೆದು ಗಾಜಿನ ಮೇಲಿನ ಧೂಳು ಒರೆಸುವಷ್ಟರಲ್ಲಿ ಅಂದಿನ ಮೊದಲ ಗಿರಾಕಿ ಬಂದು ನಿಂತಿದ್ದ. ಅವನ ಒಂದು ಕಾಲಲ್ಲಿ ಕಪ್ಪು ಚಪ್ಪಲಿ, ಇನ್ನೊಂದರಲ್ಲಿ ನೀಲಿ. ಅಂಗಿಯ ಗುಂಡಿಗಳು ಒಂದು ಕಾಜ ತಪ್ಪಿ ಸೇರಿಕೊಂಡಿದ್ದವು. ಅವನ ಮನೆಯಲ್ಲಿ ಅವಳಿ ಮಕ್ಕಳು ಹುಟ್ಟಿರುವುದು ಬೀದಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರಿಗೆ ಅವನ ಕಣ್ಣು ನೋಡಿದರೆ ಸಾಕಿತ್ತು.

"ಸಾರ್, ಡೈಪರ್. ದೊಡ್ಡ ಪ್ಯಾಕೆಟ್ಟು ಕೊಡಿ."

ಅಂಗಡಿಯವರು ಪ್ಯಾಕೆಟ್ಟನ್ನು ಮೇಲಿನಿಂದ ಇಳಿಸಿದರು, ಆದರೆ ಕೊಡಲಿಲ್ಲ. ಅದರ ಮೇಲೆ ಅಂಗೈ ಊರಿ ನಿಂತರು.

ಬೀದಿಯ ಜನ ಅವರನ್ನು ಮೇಷ್ಟ್ರು ಎಂದು ಕರೆಯುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ತಲೆನೋವಿನ ಮಾತ್ರೆಗೆಂದು ಬಂದವರೂ ಒಂದು ಪಾಠ ಕೇಳದೆ ಮೆಟ್ಟಿಲಿಳಿಯುವಂತಿರಲಿಲ್ಲ, ಅಷ್ಟೆ. ಹೇಳುವುದನ್ನು ತಾವೂ ಮಾಡುವ ಮನುಷ್ಯ ಎಂಬುದನ್ನು ಅವರ ಬೆನ್ನ ಹಿಂದೆ ನಗುವವರೂ ಒಪ್ಪುತ್ತಿದ್ದರು. ಮಾತ್ರೆಗಳನ್ನು ಹಳೆಯ ಪತ್ರಿಕೆಯ ಪೊಟ್ಟಣದಲ್ಲಿ ಕಟ್ಟಿಕೊಡುತ್ತಿದ್ದರು. ಅವಧಿ ಮೀರಿದ ಔಷಧಿಗಳನ್ನು ಚರಂಡಿಗೆ ಸುರಿಯದೆ ತಂದುಹಾಕಿ ಎಂದು ಬಾಗಿಲ ಬಳಿ ಡಬ್ಬಿ ಇಟ್ಟಿದ್ದರು. ಅಂಗಡಿಗೆ ಬರುವುದು ಸೈಕಲ್ಲಿನಲ್ಲಿ. ಮಗಳು ಹುಟ್ಟಿದ ಮೇಲೆ ಅವರ ಪಾಠಗಳಿಗೆ ಹೊಸ ಅಧ್ಯಾಯವೊಂದು ಸೇರಿತ್ತು.

"ಇದನ್ನ ನೋಡಿ" ಎಂದು ಅವರು, ತೋರಿಸುವುದಕ್ಕೆಂದೇ ಕತ್ತರಿಸಿಟ್ಟಿದ್ದ ಡೈಪರನ್ನು ಎಳೆದುಕೊಂಡು ಅದರ ಮೇಲೆ ಲೋಟದ ನೀರು ಸುರಿದರು. ಒಳಗಿನ ಬಿಳಿ ಪುಡಿ ಉಬ್ಬಿ ಲೋಳೆಯಾಯಿತು. "ಒಂದು ಲೋಟ ನೀರು ಕುಡಿದುಬಿಡ್ತು!"

"ಕುಡೀಲಿ ಬಿಡಿ ಸಾರ್, ಅದಕ್ಕೇ ತಾನೇ ತಗೊಳ್ಳೋದು?"

"ಕುಡಿದ ಮೇಲೆ ಎಲ್ಲಿಗೆ ಹೋಗುತ್ತೆ? ಕಸದ ಗುಡ್ಡಕ್ಕೆ. ಹೊರಗಿನ ಪದರ ಪ್ಲಾಸ್ಟಿಕ್ಕು. ನಿಮ್ಮ ಮಕ್ಕಳು ದೊಡ್ಡವರಾಗಿ, ಅವರ ಮೊಮ್ಮಕ್ಕಳು ದೊಡ್ಡವರಾದ್ರೂ ಇದು ಹೀಗೇ ಬಿದ್ದಿರುತ್ತೆ. ನಮ್ಮ ಮನೇಲಿ ಇದನ್ನ ಒಳಗೇ ಸೇರಿಸಿಲ್ಲ. ಪೂರ್ತಿ ಬಟ್ಟೆ ಲಂಗೋಟಿ. ಹತ್ತಿ ಬಟ್ಟೆ. ಒಗೆ, ಒಣಗಿಸು, ಮತ್ತೆ ಕಟ್ಟು. ಏನು ಕಷ್ಟ?"

ಅವಳಿಗಳ ಅಪ್ಪ ಕಣ್ಣುಜ್ಜಿಕೊಂಡ. "ಒಗೆಯೋರು ಯಾರು ಸಾರ್?"

"ಮನೇಲಿ ಒಗೀತಾರೆ."

"ನಿಮ್ಮ ಮನೆ ಒಗೆಯುತ್ತಾ? ಪುಣ್ಯವಂತರು ನೀವು. ನಮ್ಮ ಮನೆ ಬರೀ ಸೋರುತ್ತೆ."

ಬಾಗಿಲಲ್ಲಿ ಯಾರೋ ನಕ್ಕರು. ಮೇಷ್ಟ್ರು ತಲೆಯೆತ್ತಿದರೆ ಅವರ ಹೆಂಡತಿ. ಮಗುವಿಗೆ ಚುಚ್ಚುಮದ್ದು ಹಾಕಿಸಿಕೊಂಡು ಬಂದಿದ್ದಳು. ಮಗು ಹೆಗಲ ಮೇಲೆ ಬಾಯಿ ತೆರೆದು ಮಲಗಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯದು. ಅವಳು ನೇರವಾಗಿ ಬಂದು, ಗಂಡನ ಅಂಗೈಯನ್ನು ಪ್ಯಾಕೆಟ್ಟಿನ ಮೇಲಿಂದ ಎತ್ತಿ ಪಕ್ಕಕ್ಕಿಟ್ಟು, ಪ್ಯಾಕೆಟ್ಟನ್ನು ಗಿರಾಕಿಯ ಕೈಗೆ ಕೊಟ್ಟಳು.

"ತಗೊಂಡು ಹೋಗಿ ಅಣ್ಣ. ಮೊದಲು ನಿದ್ದೆ ಮಾಡಿ. ಭೂಮಿನ ಆಮೇಲೆ ಉಳಿಸೋಣ."

ಅವನು ಹೋದ ಮೇಲೂ ಅವಳು ಗಂಡನಿಗೆ ಏನೂ ಅನ್ನಲಿಲ್ಲ. ಅದೇ ಮೇಷ್ಟ್ರಿಗೆ ಆತಂಕವಾದದ್ದು.

ಹೆಂಡತಿ ಬಸ್ ಚಾಲಕಿ. ಹೆರಿಗೆ ರಜೆ ಮುಗಿಯುತ್ತ ಬಂದಿತ್ತು, ಮುಂದಿನ ಸೋಮವಾರದಿಂದ ಬೆಳಗಿನ ಮೊದಲ ಬಸ್ಸು ಅವಳದು. ಬಸ್ಸೆಂದರೆ ಅವಳಿಗೆ ಬರೀ ಸಂಬಳದ ಮಾತಲ್ಲ. ದೊಡ್ಡ ಗಾಡಿಯನ್ನು ಕಿರಿದಾದ ತಿರುವಿನಲ್ಲಿ ಎಲ್ಲಿಯೂ ತಾಗಿಸದೆ ಹೊರಳಿಸುವುದೆಂದರೆ ಅವಳಿಗೆ ಪ್ರಾಣ. ಈಚೆಗೆ ಅಡುಗೆಮನೆಯಲ್ಲಿ ನಿಂತಲ್ಲೇ ತೂಕಡಿಸುತ್ತಿದ್ದಳು.

ಮಧ್ಯಾಹ್ನ ಮೇಷ್ಟ್ರು ಊಟಕ್ಕೆ ಬಂದಾಗ ಅವಳು ಅವರ ತಟ್ಟೆಯ ಮುಂದೆ ಕೂತು, ಸಿಟ್ಟಿಲ್ಲದೆ, ದಾರಿ ಕೇಳಿದವರಿಗೆ ದಾರಿ ಹೇಳುವಂತೆ ಹೇಳಿದಳು.

"ರೀ, ಸೋಮವಾರದಿಂದ ನಾನು ಬಸ್ಸಿಗೆ. ಹಿಂದೆ ಬಸ್ಸು ತುಂಬ ಜನ ಕೂತಿರ್ತಾರೆ. ನಿದ್ದೆಗೆಟ್ಟು ಸ್ಟೇರಿಂಗ್ ಹಿಡಿಯೋಕಾಗಲ್ಲ. ಲಂಗೋಟಿ ಒಗೆಯೋದು ಇನ್ನು ನನ್ನ ಕೈಲಾಗಲ್ಲ. ನಿಮ್ಮ ಅಂಗಡಿಯಿಂದ ಒಂದು ಪ್ಯಾಕೆಟ್ಟು ತಂದಿಡಿ."

ಮೇಷ್ಟ್ರ ತುತ್ತು ಅರ್ಧಕ್ಕೇ ನಿಂತಿತು. "ಡೈಪರಾ? ನಮ್ಮನೇಲಾ? ಇಡೀ ಬೀದಿಗೆ ಹೇಳಿಬಿಟ್ಟಿದೀನಿ! ನಾಳೆ ಜನ ಏನಂತಾರೆ?"

"ಏನಂತಾರೋ ಗೊತ್ತಿಲ್ಲ. ಭೂಮಿ ಉಳಿಸಬೇಕು ಅನ್ನೋದ್ರಲ್ಲಿ ನನ್ನ ತಕರಾರಿಲ್ಲ. ಆದ್ರೆ ಇಷ್ಟು ದಿನ ನೀವು ಉಳಿಸಿದ್ದೆಲ್ಲ ನನ್ನ ಕೈಯಿಂದ. ಬಾಯಿ ನಿಮ್ಮದು, ಬಕೆಟ್ಟು ನಂದು."

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮೇಷ್ಟ್ರ ತಾಯಿ ಕೂತಿದ್ದರು. ಟೆಲಿಫೋನ್ ವಿನಿಮಯ ಕೇಂದ್ರದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕಿವಿಗೆ ಯಂತ್ರ ಸಿಕ್ಕಿಸಿ ಜೀವಮಾನವಿಡೀ ಬೇರೆಯವರ ಮಾತು ಕೇಳಿದ್ದರಿಂದ, ನಡುವೆ ಬಾಯಿ ಹಾಕುವ ಹಕ್ಕು ತಮಗೆ ಇದೆಯೆಂದು ಅವರ ನಂಬಿಕೆ.

"ಅವಳು ಹೇಳೋದು ಸರಿ ಕಣೋ. ನಿನ್ನ ಲಂಗೋಟಿ ಒಗೆದು ಒಗೆದು ನನ್ನ ಬೆರಳಿನ ಸಂದಿಯೆಲ್ಲ ಸೀಳಿ ಹೋಗಿತ್ತು. ನನ್ನ ಕಾಲದಲ್ಲಿ ಈ ಡೈಪರ್ ಇದ್ದಿದ್ರೆ ಕಣ್ಣಿಗೊತ್ತಿಕೊಂಡು ತಗೋತಿದ್ದೆ."

"ಅಮ್ಮ, ಆಗ ಯಾರೂ ಕಸದ ಬಗ್ಗೆ ಯೋಚನೆ ಮಾಡ್ತಿರಲಿಲ್ಲ..."

"ನಿಮ್ಮಪ್ಪ ಬೇಕಾದಷ್ಟು ಯೋಚನೆ ಮಾಡ್ತಿದ್ರು. ಪೇಪರ್ ಓದ್ತಾ, ಕಾಲು ಚಾಚಿಕೊಂಡು. ನೀನೂ ಹಾಗೇ. ನಿನ್ನ ಲೈನಲ್ಲಿ ಕರೆ ಹೊರಗೆ ಹೋಗುತ್ತೆ, ಒಳಗೆ ಬರೋದೇ ಇಲ್ಲ."

ಮೇಷ್ಟ್ರು ನೀರು ಕುಡಿದರು. ಮತ್ತೊಮ್ಮೆ ಕುಡಿದರು. ಆಮೇಲೆ ತಟ್ಟನೆ, "ನಾನೇ ಒಗೀತೀನಿ" ಅಂದರು.

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು.

"ಇದೇನು ರಾಕೆಟ್ ಹಾರಿಸೋ ಕೆಲಸವಾ? ಇವತ್ತಿಂದಲೇ ನಂದು."

"ಆಯ್ತು" ಅಂದಳು ಹೆಂಡತಿ. "ನಾನು ಪಕ್ಕದಲ್ಲಿ ನಿಂತು ಹೀಗೆ ಹಾಗೆ ಅನ್ನಲ್ಲ. ಕೇಳಿದ್ರೆ ಹೇಳಿಕೊಡ್ತೀನಿ. ಶನಿವಾರ ಸಂಜೆ ನಮ್ಮ ಡಿಪೋ ಮೇಡಂ ಬರ್ತಾರೆ, ಪಾಪುನ ನೋಡೋಕೆ, ನಾನು ಕೆಲಸಕ್ಕೆ ತಯಾರಿದ್ದೀನಾ ಅಂತ ಕೇಳೋಕೆ. ಅಷ್ಟರೊಳಗೆ ಕೆಲಸ ನಿಮ್ಮ ಕೈಗೆ ಕೂತಿರಬೇಕು. ಇಲ್ಲಾಂದ್ರೆ ಪ್ಯಾಕೆಟ್ಟು."

ಮೇಷ್ಟ್ರು ಕೇಳಲಿಲ್ಲ. ಹೇಳುವುದಷ್ಟೇ ರೂಢಿಯಾದ ಮನುಷ್ಯನಿಗೆ ಕೇಳುವುದು ಹೊಳೆಯುವುದೂ ತಡವೇ.

ಮನೆಯಲ್ಲಿ ಒಗೆಯುವ ಯಂತ್ರವಿತ್ತು. ಮಲದ ಬಟ್ಟೆಯನ್ನು ನೇರವಾಗಿ ಅದಕ್ಕೆ ಹಾಕುವಂತಿಲ್ಲ, ಮೊದಲು ಕೈಯಲ್ಲಿ ಜಾಲಿಸಿ ತೆಗೆಯಬೇಕು ಎಂಬುದೇ ಅವರಿಗೆ ಮೊದಲ ಆಘಾತ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬಚ್ಚಲಿಗೆ ಇಳಿದರು. ಕೊಳೆ ಚೆನ್ನಾಗಿ ಹೋಗಲಿ ಎಂದು ಕುದಿಯುವ ನೀರು ಸುರಿದರು. ಹಳದಿ ಕಲೆಗಳು ಹೋಗುವ ಬದಲು ಬಟ್ಟೆಯಲ್ಲಿ ಬೇರೂರಿ ಕೂತವು. ಉಜ್ಜಿದರು. ಕಲೆ ಅಲ್ಲಾಡಲಿಲ್ಲ, ಬೆನ್ನು ಹಿಡಿಯಿತು.

"ಏನೋ, ಕುಸ್ತಿನಾ?" ಎಂದು ಕಿಟಕಿಯ ಕಡೆಯಿಂದ ಅಜ್ಜಿಯ ದನಿ ಬಂತು. "ಯಾರು ಗೆಲ್ತಿದಾರೆ?"

ಮರುದಿನ ಅವರು ಅಂಗಡಿಯಿಂದ ಒಂದು ನೀಲಿ ಬಾಟಲಿ ತಂದರು. ಬಟ್ಟೆಯನ್ನು ಮೆತ್ತಗೆ ಮಾಡುವ, ಹೂವಿನ ಪರಿಮಳದ ದ್ರಾವಣ. ಕಲೆಯ ಸೋಲನ್ನು ಪರಿಮಳದಿಂದ ಮುಚ್ಚಬಹುದೆಂದು ಅವರ ಲೆಕ್ಕ. ಮುಚ್ಚಳದಲ್ಲಿ ಅಳೆದು ಹಾಕಬೇಕಾದದ್ದನ್ನು ಮಗಳ ಮೇಲಿನ ಅಕ್ಕರೆಯಲ್ಲಿ ಧಾರಾಳವಾಗಿಯೇ ಸುರಿದರು. ಶನಿವಾರದ ಹೊತ್ತಿಗೆ ಮನೆಯಲ್ಲಿದ್ದ ಲಂಗೋಟಿಯೆಲ್ಲ ಆ ನೀಲಿ ನೀರಿನಲ್ಲಿ ಹಲವು ಸಲ ಮಿಂದು, ಮೊಲದ ಕಿವಿಯಷ್ಟು ನಯವಾಗಿ, ಹೂವಿನ ಅಂಗಡಿಯಂತೆ ಘಮಘಮಿಸುತ್ತಿತ್ತು. ಮೇಷ್ಟ್ರು ಒಂದನ್ನು ಹೆಂಡತಿಯ ಕೆನ್ನೆಗೆ ಒತ್ತಿ ತೋರಿಸಿದರು.

"ನೋಡು, ಹೇಗಿದೆ?"

"ಚೆನ್ನಾಗಿದೆ" ಅಂದಳು ಅವಳು. ಅವಳಿಗೂ ನಿಜಕ್ಕೂ ಚೆನ್ನಾಗಿಯೇ ಕಂಡಿತ್ತು. ಅವಳು ಆ ಬಾಟಲಿಯನ್ನು ನೋಡಿರಲಿಲ್ಲ. ಬಹುದಿನಗಳ ಮೇಲೆ ಮಧ್ಯಾಹ್ನ ಮಲಗಿ ಎದ್ದಿದ್ದಳು.

ಡಿಪೋ ಮೇಲ್ವಿಚಾರಕಿ ಸಂಜೆ ಕೆಲಸ ಮುಗಿಸಿ ಸಮವಸ್ತ್ರದಲ್ಲೇ ಬಂದರು. ಇಸ್ತ್ರಿಯ ಗೆರೆಗಳು ಚಾಕುವಿನಂತಿದ್ದವು. ಮಗುವನ್ನು ಎತ್ತಿಕೊಂಡು ಮಡಿಲಲ್ಲಿ ಕೂರಿಸಿಕೊಂಡರು.

"ಅಬ್ಬಾ, ಎಷ್ಟು ಘಮ್ಮಂತಿದೆ ನಿಮ್ಮ ಪಾಪು!"

ಮೇಷ್ಟ್ರಿಗೆ ಅಷ್ಟು ಸಾಕಿತ್ತು. "ಬಟ್ಟೆ ಲಂಗೋಟಿ ಮೇಡಂ. ನಮ್ಮ ಮನೇಲಿ ಡೈಪರೇ ಇಲ್ಲ. ಒಂದು ಮಗು ಒಂದು ವರ್ಷಕ್ಕೆ ಎಷ್ಟು ಕಸ ಮಾಡುತ್ತೆ ಅಂತ ಯೋಚನೆ ಮಾಡಿ. ಅದೆಲ್ಲ ಎಲ್ಲಿಗೆ ಹೋಗುತ್ತೆ? ಗುಡ್ಡಕ್ಕೆ. ಬಟ್ಟೆಯಾದ್ರೆ ಎಷ್ಟಿದ್ರೂ ಹೀರಿಕೊಳ್ಳುತ್ತೆ, ಒಂದು ಹನಿ ಕೂಡ..."

ಮೇಡಂ ಮುಖದ ನಗು ಹಾಗೆಯೇ ನಿಂತಿತು. ಕಣ್ಣು ಮಾತ್ರ ನಿಧಾನವಾಗಿ ಕೆಳಗಿಳಿಯಿತು. ಲಂಗೋಟಿ ಉಚ್ಚೆಯ ಒಂದು ಹನಿಯನ್ನೂ ಹೀರಿರಲಿಲ್ಲ. ಎಲೆಯ ಮೇಲೆ ನೀರು ಜಾರುವಂತೆ ಜಾರಿ, ಅದು ಇಸ್ತ್ರಿಯ ಗೆರೆಗುಂಟ ಹರಿದು ಮೇಡಂ ಅವರ ಬೂಟಿನತ್ತ ಹೊರಟಿತ್ತು.

"ನಿಮ್ಮ ಪರಿಸರ ನನ್ನ ಮಡಿಲಿಗೇ ಬಂತು ಸಾರ್" ಅಂದರು ಮೇಡಂ.

ಅಜ್ಜಿ ಮೊದಲು ನಕ್ಕರು. ನಗು ತಡೆಯಲಾಗದೆ ಕನ್ನಡಕ ತೆಗೆದರು. ಮಗುವೂ ನಕ್ಕಿತು. ಹೆಂಡತಿ ಮಾತ್ರ ಟವೆಲ್ ತಂದುಕೊಟ್ಟು, ಮಗುವನ್ನು ಎತ್ತಿ ಒಳಗೆ ಕರೆದೊಯ್ದು ಲಂಗೋಟಿ ಬದಲಿಸಿದಳು. ಬೇರೆಯದನ್ನು ಕಟ್ಟಿದ ಕೆಲ ಹೊತ್ತಿಗೆ ಅದೂ ಹಾಗೆಯೇ ಸೋರಿತು. ಅವಳು ಹೊರಗೆ ಬಂದಾಗ ಅವಳ ಮುಖದಲ್ಲಿ ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಹೆಗಲು ಇಳಿದುಹೋಗಿತ್ತು.

"ಮೇಡಂ, ಸೋಮವಾರದ ಬಸ್ಸು... ಇನ್ನೊಂದು ವಾರ ಮುಂದೆ ಹಾಕೋಕೆ ಆಗುತ್ತಾ? ಇಲ್ಲಿನ್ನೂ ಒಂದು ಹದಕ್ಕೆ ಬಂದಿಲ್ಲ."

ಮೇಷ್ಟ್ರು ಅವಳನ್ನು ನೋಡಿದರು. ಈ ಬಸ್ಸಿಗಾಗಿ ಅವಳು ಎಷ್ಟು ಕಾದಿದ್ದಳೆಂಬುದು ಅವರಿಗೆ ಗೊತ್ತಿತ್ತು. ಕ್ಯಾಲೆಂಡರಿನ ಮುಂದೆ ನಿಂತು ಮಗುವಿಗೆ ತಾನು ಓಡಿಸುವ ದಾರಿಯನ್ನು ನಿಲ್ದಾಣ ನಿಲ್ದಾಣವಾಗಿ ಹೇಳುತ್ತಿದ್ದುದನ್ನು ಅವರು ಕೇಳಿದ್ದರು. ಅವಳು ಅದನ್ನು ಮುಂದೆ ತಳ್ಳುತ್ತಿರುವುದು ತಮ್ಮ ಮಾತಿನ ಮಾನಕ್ಕಾಗಿ.

"ಬೇಡ ಮೇಡಂ" ಅಂದರು ಮೇಷ್ಟ್ರು. "ಸೋಮವಾರವೇ ಬರ್ತಾಳೆ." ಹೆಂಡತಿಯತ್ತ ತಿರುಗಿದರು. "ನನಗೆ ಗೊತ್ತಾಗ್ತಿಲ್ಲ. ಎಲ್ಲಿ ತಪ್ಪು ಮಾಡಿದೆ? ಹೇಳಿಕೊಡು."

ಅಜ್ಜಿಯ ನಗು ನಿಂತಿತು. "ಅಗೋ, ಒಳಗಿನ ಲೈನ್ ಸಿಕ್ತು" ಎಂದು ತಮ್ಮಷ್ಟಕ್ಕೆ ಅಂದುಕೊಂಡರು.

ಹೆಂಡತಿ ಒಣಗಿದ ಲಂಗೋಟಿಯೊಂದನ್ನು ಮೂಗಿಗೆ ಹಿಡಿದಳು. "ಏನು ಹಾಕಿದ್ರಿ ಇದಕ್ಕೆ?"

ಮೇಷ್ಟ್ರು ನೀಲಿ ಬಾಟಲಿ ತಂದುಕೊಟ್ಟರು. ಅವಳು ಅದನ್ನು ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರಗಳನ್ನು ಗಟ್ಟಿಯಾಗಿ ಓದಿದಳು. ಟವೆಲ್ ಮುಂತಾದ ನೀರು ಹೀರುವ ಬಟ್ಟೆಗಳಿಗೆ ಬಳಸಬೇಡಿ. ಎಳೆಗಳ ಮೇಲೆ ಪದರ ಕಟ್ಟಿ ಹೀರುವ ಗುಣ ಕಡಿಮೆಯಾಗುತ್ತದೆ.

ಮೇಷ್ಟ್ರು ಬಾಟಲಿಯನ್ನು ಈಸಿಕೊಂಡು ತಾವೂ ಒಮ್ಮೆ ಓದಿದರು.

"ಬಂದವರಿಗೆಲ್ಲ ಬಾಟಲಿ ಮೇಲಿನ ಚೀಟಿ ಓದಿ, ಚೀಟಿ ಓದಿ ಅಂತೀರಲ್ರೀ" ಅಂದಳು ಅವಳು. ಮೊದಲು ಅವಳ ತುಟಿ ನಡುಗಿತು, ಆಮೇಲೆ ಭುಜ, ಆಮೇಲೆ ಪೂರ್ತಿ ನಕ್ಕುಬಿಟ್ಟಳು. ಮೇಡಂ ಟವೆಲ್ಲಿನಿಂದ ಬೂಟು ಒರೆಸಿಕೊಳ್ಳುತ್ತಲೇ ನಕ್ಕರು. ಮೇಷ್ಟ್ರು ಕೆಂಪಾದರು, ಕಿವಿಯವರೆಗೆ. ಕೊನೆಗೆ ಅವರೂ ನಕ್ಕರು. ಬೇರೆ ದಾರಿಯಿರಲಿಲ್ಲ.

ಮೇಡಂ ಹೊರಟ ಮೇಲೆ ಮೇಷ್ಟ್ರು ತಾವೇ ಅಂಗಡಿಗೆ ಹೋಗಿ ಒಂದು ಪ್ಯಾಕೆಟ್ಟು ಡೈಪರ್ ತಂದರು, ಯಾರಿಗೂ ಕಾಣದಂತೆ ಚೀಲದಲ್ಲಿ ಅಡಗಿಸಿಕೊಂಡಲ್ಲ, ಸೈಕಲ್ಲಿನ ಹ್ಯಾಂಡಲಿಗೆ ನೇತುಹಾಕಿಕೊಂಡು. ತಪ್ಪು ಸರಿಯಾಗುವವರೆಗೆ ಮಗು ಒದ್ದೆಯಲ್ಲಿ ಇರಬಾರದಲ್ಲ. ಭಾನುವಾರವಿಡೀ ಬಚ್ಚಲಲ್ಲಿ ಪಾಠ ನಡೆಯಿತು. ಈ ಸಲ ಪಾಠ ಕೇಳಿದವರು ಮೇಷ್ಟ್ರು. ಕೊಳೆಯಾದ ಕೂಡಲೇ ತಣ್ಣೀರಲ್ಲಿ ಜಾಲಿಸಬೇಕು, ಬಿಸಿನೀರು ಮೊದಲೇ ಬಿದ್ದರೆ ಕಲೆ ಬಟ್ಟೆಗೆ ಅಂಟಿಕೊಳ್ಳುತ್ತದೆ. ಜಾಲಿಸಿದ್ದನ್ನು ಮುಚ್ಚಳದ ಬಕೆಟ್ಟಿನಲ್ಲಿ ಕೂಡಿಡಬೇಕು. ಯಂತ್ರ ತುಂಬುವಷ್ಟಾದ ಮೇಲೆ ಒಮ್ಮೆಗೇ ಒಗೆಯಬೇಕು. "ಅರ್ಧ ತುಂಬಿದ ಯಂತ್ರ ಓಡಿಸೋದೂ ಒಂದೇ, ಖಾಲಿ ಬಸ್ಸು ಓಡಿಸೋದೂ ಒಂದೇ. ನೀರು, ಕರೆಂಟು ಎರಡೂ ದಂಡ. ಆಮೇಲೆ ಬಟ್ಟೆ ಕಟ್ಟಿ ಏನು ಉಳಿಸಿದ ಹಾಗಾಯ್ತು?" ಒಣಗಿಸುವುದು ಬಿಸಿಲಿನಲ್ಲಿ. ಹೋಗದ ಕಲೆಯನ್ನು ಬಿಸಿಲು ಮೆಲ್ಲಗೆ ತಿಂದುಹಾಕುತ್ತದೆ.

ಮೇಷ್ಟ್ರು ಲಂಗೋಟಿಗಳನ್ನು ಬರೀ ನೀರಿನಲ್ಲಿ ಮತ್ತೆ ಮತ್ತೆ ಜಾಲಿಸಿದರು, ಪರಿಮಳ ಹೋಗುವವರೆಗೆ. ಕೊನೆಗೊಮ್ಮೆ ಒಣಗಿದ ಬಟ್ಟೆಯ ಮೇಲೆ ಲೋಟದಿಂದ ನೀರು ಹನಿಸಿ ನೋಡಿದರು. ಹನಿ ಕ್ಷಣ ನಿಂತು, ಒಳಗಿಳಿಯಿತು.

"ಕುಡೀತು!" ಎಂದು ಕೂಗಿದರು. ಮಲಗಿದ್ದ ಮಗು ಬೆಚ್ಚಿ ಅಳತೊಡಗಿತು. ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ ಬೈದರು.

ಸೋಮವಾರ ಮೊದಲ ಬಸ್ಸು ಹೊತ್ತಿಗೆ ಸರಿಯಾಗಿ ಹೊರಟಿತು.

ಆ ವಾರ ಅವಳಿಗಳ ಅಪ್ಪ ಮತ್ತೆ ಅಂಗಡಿಗೆ ಬಂದ. ಮೇಷ್ಟ್ರು ಪ್ಯಾಕೆಟ್ಟು ಇಳಿಸಿ ಕೈಗೆ ಕೊಟ್ಟರು. ಅವನು ಹೊರಡಲಿಲ್ಲ.

"ಇವತ್ತು ಪಾಠ ಇಲ್ವಾ ಸಾರ್? ಹುಷಾರಾಗಿದೀರ ತಾನೇ?"

"ಹುಷಾರಿದೀನಿ. ಬೆಳಿಗ್ಗೆ ಲಂಗೋಟಿ ಒಗೆದು ಬಂದೆ, ಸೊಂಟ ಹಿಡ್ಕೊಂಡಿದೆ."

ಅವನು ಕಾಯುತ್ತ ನಿಂತ, ಹಾಸ್ಯವಿರಬಹುದೆಂದು. ಮೇಷ್ಟ್ರು ನಗಲಿಲ್ಲ.

"ನಿಜ ಹೇಳಲಾ? ಮೊದಲ ದಿನ ವಾಂತಿ ಬರೋ ಹಾಗಾಯ್ತು. ಈಗ ಪರವಾಗಿಲ್ಲ. ಹೊರಗೆ ಹೋಗುವಾಗ, ರಾತ್ರಿ ಹೊತ್ತು, ಪಾಪುಗೆ ಹುಷಾರಿಲ್ಲದಾಗ ನಾವೂ ಡೈಪರೇ ಹಾಕ್ತೀವಿ. ಮಿಕ್ಕ ಹೊತ್ತು ಬಟ್ಟೆ. ಅಷ್ಟಾದರೂ ಕಸ ಕಡಿಮೆಯಾಯ್ತಲ್ಲ."

"ಇಬ್ಬರಿಗೆ ಒಗೆಯೋಕೆ ನನ್ನ ಕೈಲಾಗುತ್ತಾ ಸಾರ್?"

ಹಿಂದಿನ ಮೇಷ್ಟ್ರಾಗಿದ್ದರೆ ಯಾಕಾಗಲ್ಲ ಅನ್ನುತ್ತಿದ್ದರು. "ಗೊತ್ತಿಲ್ಲ" ಅಂದರು. "ಒಬ್ಬಳದೇ ನನಗೆ ಸಾಕಾಗಿದೆ. ಮಕ್ಕಳು ಸ್ವಲ್ಪ ದೊಡ್ಡವರಾಗಿ ನಿಮಗೆ ನಿದ್ದೆ ಸಿಗೋಕೆ ಶುರುವಾದ ಮೇಲೆ, ಹಗಲು ಹೊತ್ತು ಮಾತ್ರ ಒಂದೆರಡು ಕಟ್ಟಿ ನೋಡಿ. ಶುರು ಮಾಡೋವಾಗ ಬನ್ನಿ, ಒಗೆಯೋದು ತೋರಿಸ್ತೀನಿ. ತಣ್ಣೀರು ಮುಖ್ಯ."

ಕೆಲವು ವಾರ ಕಳೆದವು. ಒಂದು ಭಾನುವಾರ ಮಧ್ಯಾಹ್ನ ಮಗು ದೊಡ್ಡ ಹಾಸಿಗೆಯ ಮೇಲಿನ ಹೊದಿಕೆಯನ್ನು ತೋಯಿಸಿತು. ಯಂತ್ರಕ್ಕೆ ಹಾಕಲು ಬೇರೆ ಬಟ್ಟೆಯಿರಲಿಲ್ಲ. ಒಂದೇ ಹೊದಿಕೆಗಾಗಿ ಯಂತ್ರ ಓಡಿಸಲು ಮನಸ್ಸು ಬಾರದೆ ಮೇಷ್ಟ್ರು ಅದನ್ನು ಕೈಯಲ್ಲೇ ಒಗೆದು ಹಿತ್ತಿಲಿಗೆ ತಂದರು. ನೀರು ತುಂಬಿದ ಹೊದಿಕೆ ಸತ್ತ ಆನೆಯಷ್ಟು ಭಾರವಾಗಿತ್ತು. ಒಂದು ತುದಿ ಹಿಂಡಿದರೆ ಇನ್ನೊಂದು ನೆಲಕ್ಕೆ ಬೀಳುತ್ತಿತ್ತು.

ಗೋಡೆಯಾಚೆಯ ಮನೆಯ ಯಜಮಾನರು ಬ್ಯಾಂಕಿನಲ್ಲಿ ಕೆಲಸ ಮಾಡುವವರು. ಮೊಣಕೈ ಗೋಡೆಗಾನಿಸಿ ಈ ಸಾಹಸ ನೋಡುತ್ತಿದ್ದರು.

"ಏನ್ ಸಾರ್, ಹೆಂಡತಿ ಬಸ್ಸು ಓಡಿಸ್ತಾರೆ, ನೀವು ಬಟ್ಟೆ ಒಗೀತೀರ?" ಎಂದು ಜೋರಾಗಿ ಕೇಳಿದರು.

ಇಡೀ ಬೀದಿಗೆ ಕೇಳುವಂತೆ ಮಾತಾಡುತ್ತಿದ್ದ ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟರು. "ಮೆಲ್ಲಗೆ. ಮಲಗಿದಾಳೆ."

"ಪಾಪುನಾ?" ಅವರ ದನಿಯೂ ತಾನಾಗಿ ತಗ್ಗಿತು.

"ಅಲ್ಲ, ಡ್ರೈವರ್. ಬನ್ನಿ ಈ ಕಡೆ, ಒಂದು ತುದಿ ಹಿಡ್ಕೊಳ್ಳಿ."

ಅವರು ಹಾಸ್ಯವೆಂದುಕೊಂಡರು. ಮೇಷ್ಟ್ರು ಹೊದಿಕೆಯ ತುದಿ ಚಾಚಿಕೊಂಡೇ ನಿಂತಿದ್ದರು. ಬೇರೆ ಗತಿಯಿಲ್ಲದೆ ಬ್ಯಾಂಕಿನವರು ಗೇಟು ಬಳಸಿ ಬಂದು ತುದಿ ಹಿಡಿದರು. ಇಬ್ಬರೂ ತಿರುಗಿಸತೊಡಗಿದರು. ಇಬ್ಬರೂ ಒಂದೇ ಕಡೆಗೆ ತಿರುಗಿಸುತ್ತಿದ್ದುದರಿಂದ ಹೊದಿಕೆ ಮಕ್ಕಳ ಸ್ಕಿಪ್ಪಿಂಗ್ ಹಗ್ಗದಂತೆ ಸುಮ್ಮನೆ ಹೊರಳಿತು, ಒಂದು ತೊಟ್ಟೂ ಬೀಳಲಿಲ್ಲ. ಕಿಟಕಿಯಲ್ಲಿ ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡರು.

"ನೀವು ಆ ಕಡೆ, ನಾನು ಈ ಕಡೆ" ಎಂದು ಮೇಷ್ಟ್ರು ಪಿಸುಗುಟ್ಟಿದರು.

ಈಗ ನೀರು ಧಾರೆಯಾಗಿ ಇಳಿಯಿತು. ಬ್ಯಾಂಕಿನವರು ಚಪ್ಪಲಿ ತೋಯ್ದದ್ದನ್ನೂ ನೋಡದೆ ಹಲ್ಲು ಕಚ್ಚಿ ಇನ್ನೊಂದು ಸುತ್ತು ತಿರುಗಿಸಿದರು. ಹೊದಿಕೆಯನ್ನು ಇಬ್ಬರೂ ಸೇರಿ ಹಗ್ಗಕ್ಕೆ ಹಾಕಿ, ಮೂಲೆ ಎಳೆದು ಸರಿಮಾಡಿದರು. ಬಿಸಿಲು ಚೆನ್ನಾಗಿತ್ತು.

"ನಿಮ್ಮ ಮನೇಲಿ ಯಂತ್ರ ಇಲ್ವಾ?"

"ಇದೆ. ತುಂಬಿದಾಗ ಮಾತ್ರ ಓಡಿಸ್ತೀವಿ."

ಬ್ಯಾಂಕಿನವರು ಒದ್ದೆ ಕೈಗಳನ್ನು ಒರೆಸಿಕೊಳ್ಳಲು ಜಾಗ ಹುಡುಕಿ, ಕೊನೆಗೆ ಅಂಗಿಗೇ ಒರೆಸಿಕೊಂಡರು. ಅವರ ಮನೆಯ ಕಡೆಯಿಂದ ಯಂತ್ರವೊಂದು ಗುರ್ ಎಂದು ತಿರುಗುವ ಸದ್ದು ಬರುತ್ತಿತ್ತು.

"ನಮ್ಮನೇಲಿ ದಿನಕ್ಕೆ ಎಷ್ಟು ಸಲ ಓಡುತ್ತೆ ಅಂತೀರಿ?"

ಮೇಷ್ಟ್ರ ಬಾಯಿಗೆ ಒಂದು ದೊಡ್ಡ ಉತ್ತರ ಬಂದಿತ್ತು. ನೀರಿನಿಂದ ಶುರುವಾಗಿ ಕರೆಂಟು ದಾಟಿ ಎಲ್ಲೆಲ್ಲಿಗೋ ಹೋಗುವಂಥದ್ದು. ಅವರು ಅದನ್ನು ನುಂಗಿಕೊಂಡು ಖಾಲಿ ಬಕೆಟ್ಟು ಕೈಗೆತ್ತಿಕೊಂಡರು.

"ನನ್ನ ಕೇಳಿದ್ರೆ ಹೇಗೆ ಗೊತ್ತಾಗುತ್ತೆ ಸಾರ್? ಒಳಗೆ ಹೋಗಿ, ಒಗೆಯೋರನ್ನ ಕೇಳಿ" ಅಂದರು, ಮೆಲ್ಲಗೆ.